ಮೋರೇರ ಮನೆಗಳ ನೆಲೆಯೂ ಬಾಗಿಲೂ

ಗದಗ ತಾಲೂಕಿನ ಅಂತೂರ ಬೆಂತೂರಗಳ ಹೆಸರನ್ನು ಒಂದೊಂದಾಗಿ ಬಿಡಿಸಿ ಹೇಳುವವರು ಕಡಿಮೆ. ಅಕ್ಕತಂಗಿಯರನ್ನು ಕರೆದಂತೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವದು ಸುತ್ತಲಿನವರ ರೂಢಿ. ಅಲ್ಲಿಯದು ಎರೆಯ ನೆಲ. ಮಳೆಗಾಲದಲ್ಲಿ ಕಾಲಿಗೆ ಮೆತ್ತಿ ಬಿಡದ, ಬೇಸಗೆಯಲ್ಲಿ ಅಂಗೈಯಗಲ ಬಿರಿಯುವ ಈ ಕರಿಯ ಮಣ್ಣು ಜೋಳ, ಹತ್ತಿ, ಕಡಲೆಗಳಿಗೆ ತಾಯಿಯಾದರೆ ಮನೆ ಕಟ್ಟಿಸುವವನಿಗೆ ಮಲತಾಯಿ. ಪಾಯವು ನಿಲ್ಲಬೇಕಾದರೆ ಆಳಕ್ಕೆ ತೋಡಬೇಕು. ಕಲ್ಲು ಬೇಕಾದರೆ ಹೊರಗಿನಿಂದ ಹೇರಿ ತರಬೇಕು. ಆದುದರಿಂದಲೇ ಈ ಭಾಗದ ಹಿರಿಯರು ಮಣ್ಣಿನ ಗೋಡೆಯೆಬ್ಬಿಸಿ, ಮೇಲುಮುದ್ದೆ ಹಾಕಿ, ನಡುವೆ ಒಂದು ಬೆಳಕಿಂಡಿಯನ್ನು ಬಿಟ್ಟು ತಲೆತಲಾಂತರದಿಂದ ಬಾಳಿಬಂದರು. ಮನೆಯು ಮಣ್ಣಿನದಾಗಲಿ ಕಲ್ಲಿನದಾಗಲಿ, ಕಟ್ಟಿಸುವ ಗೃಹಸ್ಥನು ಮೊದಲು ಹಿರಿಯರ ಮುಂದಿಡುವ ಮಾತುಗಳು ಎರಡು: ಎಡೆ ಯಾವದು? ತಲೆಬಾಗಿಲು ಯಾವ ದಿಕ್ಕಿಗೆ?

ಇವೆರಡೇ ಪ್ರಶ್ನೆಗಳನ್ನು ಎರಡೂವರೆ ಸಾವಿರ ವರ್ಷಗಳ ಹಿಂದೆ ಕನ್ನಡನಾಡಿನ ಜನರು ತಮ್ಮ ಸತ್ತವರ ಸಲುವಾಗಿ ಕೇಳಿಕೊಂಡಿದ್ದರು. ಅವರಿಗೆ ಬರಹವಿರಲಿಲ್ಲ, ಅವರ ಅರಸರ ಹೆಸರು ಉಳಿದಿಲ್ಲ, ಅವರ ಭಾಷೆ ಯಾವದೆಂಬದು ನಿಶ್ಚಯವಿಲ್ಲ. ಅವರು ಬದುಕಿದ್ದ ಮನೆಗಳು ಬಹುಮಟ್ಟಿಗೆ ಮಣ್ಣು, ಗಳು, ಹುಲ್ಲುಗಳವಾದುದರಿಂದ ನೆಲಸಮವಾಗಿ ಹೋದವು. ಸತ್ತವರಿಗೆಂದು ಎತ್ತಿ ನಿಲ್ಲಿಸಿದ ಕಲ್ಮನೆಗಳು ಮಾತ್ರ ನಿಂತಿವೆ. ವಿದ್ವಾಂಸರು ಆ ಕಾಲವನ್ನು ಬೃಹತ್ ಶಿಲಾಯುಗವೆಂದು ಕರೆಯುವರು. ಹೆಸರಿನಲ್ಲಿ ಶಿಲೆಯಿದ್ದರೂ ಅದು ಕಬ್ಬಿಣವು ಬಳಕೆಗೆ ಬಂದ ಕಾಲವೆಂಬದನ್ನು ವಾಚಕರು ಮರೆಯಬಾರದು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ೧೯೬೫ರಲ್ಲಿ ನಡೆದ ಉತ್ಖನನದಿಂದ, ಈ ಹೊಳೆಯ ಬದಿಯ ಜನರು ಕ್ರಿಸ್ತನಿಗೆ ಸುಮಾರು ಸಾವಿರ ವರ್ಷ ಮೊದಲೇ ಕಬ್ಬಿಣವನ್ನು ಬಲ್ಲವರಾಗಿದ್ದರೆಂದು ತಿಳಿದುಬಂದಿತು. ಮುಂಡರಗಿ ಶಿರಹಟ್ಟಿಗಳ ಸೀಮೆಯನ್ನು ಮುಟ್ಟಿ ಹರಿಯುವ ಹೊಳೆಯೂ ಅದೇ.

ಅಂತೂರ ಬೆಂತೂರಗಳ ಎರೆಯಲ್ಲಿ ಹಲಗೆಗಲ್ಲು ಏಳುವದಿಲ್ಲ. ಆದ ಕಾರಣ ಈ ಕಲ್ಮನೆಗಳನ್ನು ಕಾಣಬೇಕೆನ್ನುವವರು ಗದಗಕ್ಕೆ ಬಂದು ರೈಲು ಹಿಡಿಯತಕ್ಕದ್ದು. ಗದಗಿನ ನಿಲ್ದಾಣದಿಂದ ಒಂದು ದಾರಿಯು ಮೂಡಲಿಗೆ ಕೊಪ್ಪಳದ ಕಡೆಗೆ ಸಾಗಿ ಕಣಶಿಲೆಯ ಗುಡ್ಡಗಳ ನಾಡನ್ನು ಹೊಗುವದು. ಇನ್ನೊಂದು ಬಡಗಲಿಗೆ ಬಾದಾಮಿಯ ಕಡೆಗೆ ಸಾಗಿ ಕೆಂಪು ಮರಳುಗಲ್ಲಿನ ನಾಡನ್ನು ಸೇರುವದು. ಎರಡು ದಾರಿಗಳ ಕೊನೆಗೂ ಕಲ್ಮನೆಗಳ ಊರುಗಳಿವೆ. ಮರಳುಗಲ್ಲು ಹುಟ್ಟುವಾಗಲೇ ಪದರ ಪದರವಾಗಿ ಹುಟ್ಟಿದ್ದು. ಸಂದಿನಲ್ಲಿ ಬೆಣೆಯಿಟ್ಟರೆ ಹಲಗೆಯಾಗಿ ಬಿಡಿಸಿಕೊಳ್ಳುವದು. ಕಣಶಿಲೆಗೆ ಅಂಥ ಪದರವಿಲ್ಲವಾದರೂ, ಬಿಸಿಲು ಮಳೆಗಳಿಗೆ ಶತಮಾನಗಟ್ಟಲೆ ಮೈಯೊಡ್ಡಿದ ಬೆಟ್ಟದ ಬೋಳುಬಂಡೆಯು ಉಳ್ಳಾಗಡ್ಡಿಯ ಸಿಪ್ಪೆಯಂತೆ ಮೇಲಿನಿಂದ ಸುಲಿಯುತ್ತ ಬರುವದು. ಇವೆರಡೂ ಗುಣಗಳನ್ನು ಆ ಜನರು ಚೆನ್ನಾಗಿ ಅರಿತಿದ್ದರು. ಕಲ್ಲು ಒದಗಿದಲ್ಲಿ ಗೋರಿ ಎದ್ದಿತೆಂಬದು ನೆಲೆಯ ವಿಚಾರದಲ್ಲಿ ಮೊದಲು ಹೊಳೆಯುವ ಉತ್ತರ. ಅದು ಸರಿಯೇ, ಆದರೆ ಸಾಲದು. ಹಲಗೆ ಏಳುವ ಬಂಡೆಗಳು ನಾಡತುಂಬ ಬಿದ್ದಿರುವಾಗ ಆರಿಸಿಕೊಂಡದ್ದು ಕೆಲವನ್ನು ಮಾತ್ರ ಏಕೆ?

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನ ಗುಡ್ಡವನ್ನು ಹತ್ತಿದವರಿಗೆ ಈ ಪ್ರಶ್ನೆಯು ತಾನಾಗಿಯೇ ಎದುರಾಗುವದು. ಊರು ಕೆಳಗಿದೆ, ಗದ್ದೆಗಳು ಕೆಳಗಿವೆ. ಗೋರಿಗಳಿರುವದು ಮೇಲೆ, ಗುಡ್ಡಗಳ ನಡುವಿನ ಬಯಲಿನಲ್ಲಿ. ದಾರಿಯೆಂದರೆ ಗುಂಡುಗಳ ಸಂದಿನ ಕಾಲುದಾರಿ. ದಾರಿಯ ಬದಿಯ ಕಲ್ಲಾಸರೆಗಳಲ್ಲಿ ಕೆಮ್ಮಣ್ಣಿನಿಂದ ಬರೆದ ಮನುಷ್ಯರು, ಕುದುರೆಗಳು, ಬೇಟೆ, ಕುಣಿತಗಳು ಕಾಣುವವು. ಹತ್ತುತ್ತ ಹೋದಂತೆ, ಗುಂಡಿನ ಅಡಿಗೆ ಗೋಡೆಯಿಟ್ಟು ಮಾಡಿದ ಕಿರುಗೋಣೆಗಳು ಸಿಕ್ಕುವವು. ಅವನ್ನು ದಾಟಿದ ಮೇಲೆ ಒಮ್ಮೆಲೆ ಒಂದು ಊರೇ ಎದುರಿಗೆ ನಿಲ್ಲುವದು. ಇದು ಅತಿಶಯೋಕ್ತಿಯಲ್ಲ. ಮಂಡಿಯೆತ್ತರದವು, ಎದೆಯೆತ್ತರದವು, ಆಳನ್ನು ಮೀರಿಸಿ ಹತ್ತಡಿಯವರೆಗೂ ಏರಿದವು, ಹೀಗೆ ಸುಮಾರು ನಾಲ್ಕುನೂರು ಗೋರಿಗಳು ಓಣಿಹಿಡಿದಂತೆ ಅಲ್ಲಲ್ಲಿ ಗುಂಪುಗೂಡಿವೆ. ಮೂರು ಬದಿಗೆ ಒಂದೊಂದು ಅಖಂಡ ಹಲಗೆ, ನಾಲ್ಕನೆಯ ಬದಿಯ ಹಲಗೆಯಲ್ಲಿ ದುಂಡನೆಯ ಕಂಡಿ, ಮೇಲೆ ಗೋಡೆಗಳನ್ನು ಮೀರಿ ಚಾಚಿದ ಮುಚ್ಚುಗಲ್ಲು: ಇದು ಅಲ್ಲಿಯ ದೊಡ್ಡ ಮನೆಗಳ ಮಾಟ. ಗಾರೆಯಿಲ್ಲ, ಕೀಲಿಲ್ಲ; ಭಾರವೇ ಭಾರವನ್ನು ಹಿಡಿದಿದೆ. ಕ್ರಿ.ಪೂ. ಸುಮಾರು ೮೦೦ರಿಂದ ೨೦೦ರವರೆಗೆ ಇವು ಕಟ್ಟಲ್ಪಟ್ಟವೆಂದು ಎಣಿಸುತ್ತಾರೆ. ಎಂದರೆ ಇಪ್ಪತ್ತಕ್ಕೂ ಮಿಕ್ಕಿದ ತಲೆಮಾರುಗಳು ಒಂದೇ ಗುಡ್ಡಕ್ಕೆ ತಮ್ಮವರನ್ನು ಹೊತ್ತು ತಂದವು.

ಗೋರಿಗಳ ಮಗ್ಗುಲಲ್ಲಿಯೇ ಒಂದು ಕೆರೆಯುಂಟು. ಅದರ ಅಂಚಿನ ಬಂಡೆಯಲ್ಲಿ ಹಲಗೆಗಳನ್ನು ಎಬ್ಬಿಸಿದ ಗುರುತುಗಳಿರುವದರಿಂದ, ಕಲ್ಲು ತೆಗೆದ ತಗ್ಗೇ ನೀರು ನಿಂತು ಕೆರೆಯಾಯಿತೆಂದು ನೋಡಿದವರು ಊಹಿಸುತ್ತಾರೆ. ಕಲ್ಲು, ನೀರು, ಎತ್ತರ, ಊರಿನಿಂದ ತಕ್ಕ ದೂರ: ನಾಲ್ಕೂ ಒಂದೆಡೆ ಕೂಡಿದ ನೆಲೆಯು ಸುಲಭವಾಗಿ ಸಿಕ್ಕತಕ್ಕದ್ದಲ್ಲ. ಸಮೀಪದಲ್ಲಿ ಇನ್ನೊಂದು ವಿಚಿತ್ರವಿದೆ. ಎತ್ತರದ ಬಂಡೆಯ ನೆತ್ತಿಯ ಮೇಲೆ ನಗಾರಿಯ ಆಕಾರದ ದೊಡ್ಡ ಗುಂಡೊಂದು ಕುಳಿತಿದೆ. ಕೊಡತಿಯಿಂದ ಹೊಡೆದರೆ ಅದರ ನಾದವು ದೂರದವರೆಗೆ ಕೇಳುವದು. ಹೆಣವು ಗುಡ್ಡವನ್ನು ಏರುವಾಗ ಈ ಕಲ್ಲನ್ನು ನುಡಿಸುತ್ತಿದ್ದರೋ, ಇಲ್ಲವೆ ಹಗೆಯು ಬಂದಾಗ ಊರನ್ನು ಎಚ್ಚರಿಸುತ್ತಿದ್ದರೋ, ಯಾರು ಹೇಳಬಲ್ಲರು? ಡೊಳ್ಳಿಲ್ಲದೆ ಹಬ್ಬವಾಗದ, ಹಲಗೆಯಿಲ್ಲದೆ ಹೆಣವೇಳದ ಸೀಮೆಯವರಿಗೆ ಮೊದಲಿನ ಊಹೆಯೇ ಹಿಡಿಸೀತು.

ಸುತ್ತಲಿನ ಜನರು ಈ ಗುಡ್ಡಕ್ಕೆ ಮೋರೇರ ಗುಡ್ಡವೆನ್ನುವರು. ಮೋರೇರೆಂದರೆ ಮೂರಡಿಯ ಕುಳ್ಳರು. ಕುಳ್ಳರಾದರೂ ಬಂಡೆಯನ್ನು ಹೂವಿನಂತೆ ಎತ್ತಬಲ್ಲ ಗಟ್ಟಿಗರು. ಬೆಂಕಿಯ ಮಳೆಯು ಸುರಿಯುವದೆಂದು ತಿಳಿದು ಕಲ್ಲಿನ ಮನೆ ಕಟ್ಟಿಕೊಂಡರು, ಆದರೂ ಉಳಿಯಲಿಲ್ಲ. ಹೀಗೆ ಕಥೆಯನ್ನು ಹಲವೆಡೆ ಹೇಳುತ್ತಾರೆ. ಕಂಡಿಯು ಅಷ್ಟು ಚಿಕ್ಕದಾಗಿರುವಾಗ ಅದರಲ್ಲಿ ನುಸುಳುವವನು ಕುಳ್ಳನೇ ಆಗಿರಬೇಕಷ್ಟೆ! ಜನರ ತರ್ಕದಲ್ಲಿ ದೋಷವಿಲ್ಲ. ಕೊಡಗಿನಲ್ಲಿಯೂ ಇಂಥವಕ್ಕೆ ಪಾಂಡವರ ಹೆಸರುಂಟು. ಆಳುಮೀರಿದ ಕೆಲಸವನ್ನೆಲ್ಲ ಭೀಮನ ಲೆಕ್ಕಕ್ಕೆ ಬರೆಯುವದು ನಮ್ಮ ದೇಶದ ಹಳೆಯ ಪದ್ಧತಿ. ಮೋರೇರೆಂಬ ಹೆಸರನ್ನು ಮಗಧದ ಮೌರ್ಯರಿಗೆ ಗಂಟುಹಾಕಿ, ಕೊಪ್ಪಳದ ಗವಿಮಠದ ಅಶೋಕಶಾಸನವನ್ನು ಸಾಕ್ಷಿಗೆ ಕರೆಯುವವರೂ ಉಂಟು. ಧ್ವನಿಯ ಹೋಲಿಕೆಯೊಂದರಿಂದ ವಂಶಾವಳಿಯು ಸಿದ್ಧವಾಗದು. ಗೋರಿಗಳ ಆರಂಭವು ಮೌರ್ಯರ ಉದಯಕ್ಕಿಂತ ಬಹಳ ಹಿಂದಿನದು. ಅದಿರಲಿ. ಮೋರೇರ ಹೆಸರಿನಿಂದ ಆದ ಒಂದು ಉಪಕಾರವನ್ನು ಮಾತ್ರ ಒಪ್ಪಬೇಕು: ಪರರ ಮನೆಯೆಂಬ ಭಾವನೆಯಿಂದ ಕುರಿ ಕಾಯುವವರೂ ಒಕ್ಕಲಿಗರೂ ಅವುಗಳ ಗೊಡವೆಗೆ ಹೋಗದೆ ಬಹುಕಾಲ ಬಿಟ್ಟಿದ್ದರು.

ಈ ಹೆಸರನ್ನು ಕೇಳಿ ಬರೆದಿಟ್ಟವರಲ್ಲಿ ಮೆಡೋಸ್ ಟೇಲರನು ಮುಖ್ಯನು. ಸುರಪುರ ಸಂಸ್ಥಾನದ ಆಡಳಿತವನ್ನು ೧೮೪೧ರಿಂದ ೧೮೫೩ರವರೆಗೆ ನೋಡಿಕೊಂಡ ಈ ಆಂಗ್ಲ ಅಧಿಕಾರಿಯು ರಾಜನಕೋಳೂರಿನ ಕಲ್ಮನೆಗಳನ್ನು ಅಳೆದನು, ಭೀಮೆಯ ಬದಿಯ ಜೇವರ್ಗಿಯ ಕಲ್ಗುಪ್ಪೆಗಳನ್ನು ಅಗೆಯಿಸಿದನು, ಚಿತ್ರ ಬರೆದು ವಿದ್ವತ್ಸಭೆಗಳಿಗೆ ಕಳಿಸಿದನು. ಅವನನ್ನು ಬೆರಗುಗೊಳಿಸಿದ್ದು ಒಂದೇ ಸಂಗತಿ: ತನ್ನ ನಾಡಿನಲ್ಲಿ, ವೇಲ್ಸ್ ಐರ್ಲಂಡಗಳ ಗುಡ್ಡಗಳಲ್ಲಿ, ಇರುವಂಥವೇ ಗೋರಿಗಳು ಕೃಷ್ಣಾತೀರದಲ್ಲಿಯೂ ಇದ್ದವು. ಅಂದಮೇಲೆ ಕಟ್ಟಿದವರೂ ಒಂದೇ ಕುಲದವರಾಗಿರಬೇಕೆಂದು ಅವನು ತರ್ಕಿಸಿದನು.

ಆ ತರ್ಕವು ಈಗ ನಿಲ್ಲುವದಿಲ್ಲ. ವೇಲ್ಸದ ಪೆಂಟ್ರಿ ಇವಾನಿನಲ್ಲಿ ಸುಮಾರು ೧೬ ಟನ್ ತೂಕದ ಮುಚ್ಚುಗಲ್ಲು ಮೂರು ನಿಲುಗಲ್ಲುಗಳ ತುದಿಯ ಮೇಲೆ, ಈಗ ಹಾರುವೆನೋ ಎನ್ನುವಂತೆ ಕುಳಿತಿದೆ. ನೋಡಿದ ಕನ್ನಡಿಗನು ಇದು ಬೆಣಕಲ್ಲಿನ ತಮ್ಮನೆಂದಾನು. ಆದರೆ ಕಾಲವನ್ನು ಎಣಿಸಿದರೆ ಅಣ್ಣನೇ ಅದು, ಅದೂ ಸುಮಾರು ಮೂರು ಸಾವಿರ ವರ್ಷಗಳಷ್ಟು ಹಿರಿಯ ಅಣ್ಣ. ಅದನ್ನು ನಿಲ್ಲಿಸಿದವರು ಲೋಹವನ್ನೇ ಕಂಡವರಲ್ಲ. ನಡುವೆ ಹರಿದ ಸಂಬಂಧದ ಎಳೆಯಾವದೂ ಸಿಕ್ಕಿಲ್ಲ. ಒಂದೇ ತೆರನ ಕಲ್ಲು, ಒಂದೇ ತೆರನ ದುಃಖ, ಮನುಷ್ಯನ ಒಂದೇ ತೆರನ ತೋಳು. ಇಷ್ಟಿದ್ದರೆ ಎರಡು ನಾಡಿನವರು ಒಬ್ಬರನ್ನೊಬ್ಬರು ನೋಡದೆಯೂ ಒಂದೇ ಮಾಟಕ್ಕೆ ಬರಬಹುದು.

ಆದರೂ ವೇಲ್ಸದ ಗೋರಿಗಳ ಮೇಲೆ ನಡೆದ ಒಂದು ವಾದವು ನಮಗೆ ಬಹಳ ಉಪಯುಕ್ತವಾಗಿದೆ. ಕ್ರಿಸ್ಟೋಫರ್ ಟಿಲ್ಲಿ ಎಂಬ ಪಂಡಿತನು ೧೯೯೪ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಈ ಗೋರಿಗಳ ನೆಲೆಯನ್ನು ಸುತ್ತಲಿನ ಬೆಟ್ಟಗಳನ್ನು ನೋಡಿಯೇ ಆರಿಸಿದರೆಂದೂ, ಅಲ್ಲಿ ನಡೆದಾಡಿ ನೋಡುವವನ ಮೈಗೇ ಆ ಸಂಬಂಧವು ತಿಳಿಯುವದೆಂದೂ ವಾದಿಸಿದನು. ಆಂಡ್ರ್ಯೂ ಫ್ಲೆಮಿಂಗನು ಅವೇ ಗೋರಿಗಳ ಬಳಿಗೆ ಹೋಗಿ ಮತ್ತೆ ಪರೀಕ್ಷಿಸಿ ೧೯೯೯ರಲ್ಲಿ ಇದನ್ನು ಖಂಡಿಸಿದನು. ಗುಡ್ಡಗಾಡಿನಲ್ಲಿ ಎಲ್ಲಿ ನಿಂತರೂ ಯಾವದಾದರೊಂದು ಬೆಟ್ಟವು ಕಾಣುವದೇ. ಕಂಡದ್ದನ್ನೆಲ್ಲ ಉದ್ದೇಶವೆನ್ನುವದು ಕನಸೆಂಬದು ಅವನ ಆಕ್ಷೇಪ. ಇಬ್ಬರಲ್ಲಿ ಫ್ಲೆಮಿಂಗನ ಎಚ್ಚರವೇ ಮೇಲು. ಬೆಣಕಲ್ಲಿನ ನೆತ್ತಿಯಲ್ಲಿ ನಿಂತವನಿಗೆ ದಿಕ್ಕುದಿಕ್ಕಿಗೂ ಗುಂಡಿನ ಗುಡ್ಡಗಳೇ. ಅವುಗಳಲ್ಲೊಂದನ್ನು ಬೆರಳುಮಾಡಿ ತೋರಿಸಿ, ಇದನ್ನು ನೋಡಲೆಂದೇ ಗೋರಿಯನ್ನು ಇಲ್ಲಿಟ್ಟರೆನ್ನಲು ಯಾರ ಅಪ್ಪಣೆಯೂ ಬೇಡ. ಹಾಗೆಂದು ಟಿಲ್ಲಿಯ ಪ್ರಶ್ನೆಯನ್ನೇ ತಳ್ಳಿಹಾಕುವಂತಿಲ್ಲ. ನೆಲೆಗೆ ಅರ್ಥವಿತ್ತೆಂಬದು ಒಂದು ಮಾತು, ಆ ಅರ್ಥವು ಇದೇ ಎಂಬದು ಬೇರೊಂದು ಮಾತು.

ಊಹೆಗಿಂತ ಗಟ್ಟಿಯಾದ ಸಾಕ್ಷಿಯು ದೊರೆಯುವದು ಬಾಗಿಲಿನ ವಿಷಯದಲ್ಲಿ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿಯಲ್ಲಿ ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರನು ನಡೆಯಿಸಿದ ಉತ್ಖನನದಲ್ಲಿ ನೆಲದೊಳಗಿನ ಕಲ್ಪೆಟ್ಟಿಗೆಗಳು ಬೆಳಕಿಗೆ ಬಂದವು. ಅವುಗಳ ಕಂಡಿಯು ಮೂಡಲ ಬದಿಯ ಹಲಗೆಯಲ್ಲಿತ್ತು. ನಾಲ್ಕು ಹಲಗೆಗಳನ್ನು ಚೌಕಕ್ಕೆ ಸರಿಯಾಗಿ ಕೂಡಿಸದೆ, ಒಂದೊಂದರ ಒಂದು ತುದಿಯು ನೆರೆಯ ಹಲಗೆಯನ್ನು ಮೀರಿ ಚಾಚುವಂತೆ ಸ್ವಸ್ತಿಕದ ಕ್ರಮದಲ್ಲಿ ನಿಲ್ಲಿಸಿದ್ದರು. ಸ್ವಸ್ತಿಕವೆಂದೊಡನೆ ಮಂಗಲಚಿಹ್ನೆಯನ್ನು ಹುಡುಕುವ ಅವಸರವು ಬೇಡ. ಇದು ಕೆಲಸಗಾರನ ಜಾಣತನ. ಹೊರಗಿನ ಮಣ್ಣು ಒತ್ತಿದಷ್ಟೂ ಒಂದು ಹಲಗೆಯು ಇನ್ನೊಂದಕ್ಕೆ ಆತು, ಯಾವದೂ ಒಳಕ್ಕೆ ಬೀಳದು. ಎರೆಯಲ್ಲಿ ಗೋಡೆಯೆಬ್ಬಿಸಿ ಅದು ಹೊಟ್ಟೆಬಿಟ್ಟದ್ದನ್ನು ಕಂಡ ಅಂತೂರಿನ ಗೌಂಡಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೆಟ್ಟಿಗೆಯೊಳಗೆ ಒಬ್ಬನ ಇಡಿಯ ದೇಹವಿರಲಿಲ್ಲ. ಹಲವರ ಬಿಡಿ ಎಲುಬುಗಳಿದ್ದವು. ಜೊತೆಗೆ ಒಳಗೆ ಕಪ್ಪಾಗಿ ಹೊರಗೆ ಕೆಂಪಾಗಿ ಸುಟ್ಟ ನುಣುಪಾದ ಮಡಕೆಗಳೂ ಕಬ್ಬಿಣದ ಆಯುಧಗಳೂ ಇದ್ದವು. ದೇಹವನ್ನು ಮೊದಲು ಬೇರೆಡೆ ಇಟ್ಟು, ಮಾಂಸವು ಕರಗಿದ ಮೇಲೆ ಎಲುಬುಗಳನ್ನು ಆಯ್ದು ತಂದು ಇಲ್ಲಿ ಸೇರಿಸುತ್ತಿದ್ದರೆಂಬದು ಇದರಿಂದ ಸ್ಪಷ್ಟವಾಯಿತು. ಕಂಡಿಯ ಗುಟ್ಟೂ ಬಹುಶಃ ಇದೇ. ಒಬ್ಬನನ್ನಿಟ್ಟು ಮುಚ್ಚಿಬಿಡುವ ಗೋರಿಗೆ ಬಾಗಿಲೇಕೆ? ಮತ್ತೆ ಮತ್ತೆ ತೆರೆಯಬೇಕಾದ ಮನೆಗೆ ಬಾಗಿಲು ಬೇಕು. ಅಜ್ಜನ ಎಲುಬುಗಳ ಬಳಿಗೆ ಮೊಮ್ಮಗನವೂ ಬಂದು ಸೇರಬೇಕಾಗಿತ್ತು. ಈ ಭಾಗದ ವೀರಶೈವ ಮನೆತನಗಳಲ್ಲಿ ಸತ್ತವರನ್ನು ಸಮಾಧಿಯ ಗೂಡಿನಲ್ಲಿ ಕುಳ್ಳಿರಿಸುವ ಪದ್ಧತಿಯಿದೆ. ಅದಕ್ಕೂ ಇದಕ್ಕೂ ಸಂಬಂಧ ಕಲ್ಪಿಸುವದು ಟೇಲರನ ತಪ್ಪನ್ನೇ ಮತ್ತೊಮ್ಮೆ ಮಾಡಿದಂತೆ. ಆದರೂ ಸತ್ತವನಿಗೊಂದು ಗೂಡು ಬೇಕೆಂಬ ಮಾತು ಈ ಮಣ್ಣಿನವರಿಗೆ ಹೊಸದೆನಿಸದು. ಕನ್ನಡದಲ್ಲಿ ಎಡೆಯೆಂದರೆ ಸ್ಥಳವೂ ಹೌದು, ಹಿರಿಯರ ಹೆಸರಿನಲ್ಲಿ ಬಡಿಸಿ ಇಡುವ ಅನ್ನವೂ ಹೌದು.

ದಿಕ್ಕಿನ ವಿಚಾರವು ಗೋರಿಗಳಲ್ಲಿಗೇ ಮುಗಿಯಲಿಲ್ಲ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನ ನಿಲಸ್ಕಲ್ಲಿನಲ್ಲಿ ಗೋರಿಯ ಕೋಣೆಗಳ ಬದಲು ಆಳೆತ್ತರವನ್ನು ಮೀರಿದ ನಿಲುಗಲ್ಲುಗಳಿವೆ. ಊರಿನ ಹೆಸರೇ ಅದನ್ನು ಹೇಳುವದು. ಅವುಗಳಲ್ಲಿ ಕೆಲವು ಜೋಡಿಗಳ ನೇರಕ್ಕೆ ಉತ್ತರಾಯಣ ದಕ್ಷಿಣಾಯನಗಳು ತಿರುಗುವ ದಿನಗಳ ಸೂರ್ಯನು ಮೂಡುವನು ಇಲ್ಲವೆ ಮುಳುಗುವನೆಂದು ಈಚಿನ ಸಂಶೋಧಕರು ಅಳೆದು ತೋರಿಸಿದ್ದಾರೆ. ವೇಲ್ಸದ ಬ್ರಿನ್ ಕೆಲ್ಲಿ ಥೀ ಎಂಬ ಗೋರಿಯ ಓಣಿಯೊಳಕ್ಕೂ ವರ್ಷದ ಅತಿ ದೀರ್ಘವಾದ ದಿನದ ಮುಂಜಾವಿನ ಬಿಸಿಲು ಹೊಗುವದು. ಸೂರ್ಯನು ಎಲ್ಲರಿಗೂ ಒಬ್ಬನೇ ಇರುವಾಗ ಇಲ್ಲಿಯೂ ನೆಂಟಸ್ತಿಕೆಯನ್ನು ಹುಡುಕಬೇಕಾಗಿಲ್ಲ. ಉತ್ತರ ಕರ್ನಾಟಕದ ಮಟ್ಟಿಗೆ ಈ ಅಳತೆಯ ಕೆಲಸವನ್ನು ಶ್ರಮಪಟ್ಟು ಮಾಡಿದವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ಅ. ಸುಂದರ ಅವರು. ಕಲ್ಲು ಯಾವದು, ಕೋಣೆಯ ಆಕಾರವೇನು, ಬಾಗಿಲೆಲ್ಲಿ, ದಿಕ್ಕೇನೆಂದು ಊರೂರು ತಿರುಗಿ ಬರೆದಿಟ್ಟು, ದಕ್ಷಿಣ ಭಾರತದ ಕೋಣೆಗೋರಿಗಳ ಮೇಲಿನ ತಮ್ಮ ಗ್ರಂಥವನ್ನು ೧೯೭೫ರಲ್ಲಿ ಹೊರತಂದರು. ಗದಗು ಧಾರವಾಡಗಳ ವಿದ್ಯಾವಂತ ಮನೆಗಳಲ್ಲಿ ಆ ಹೆಸರು ಇನ್ನಷ್ಟು ಪರಿಚಿತವಾಗಿರಬೇಕಾಗಿತ್ತು.

ಇನ್ನು ಬಡಗಣ ದಾರಿಯ ಕೊನೆಗಿರುವ ಐಹೊಳೆಯ ಮಾತು. ಅಲ್ಲಿಯ ಮೇಗುತಿಯ ಗುಡ್ಡವನ್ನು ಹತ್ತುವವರೆಲ್ಲ ಜಿನಾಲಯದ ಗೋಡೆಯ ಮೇಲಿನ ರವಿಕೀರ್ತಿಯ ಶಾಸನವನ್ನು ನೋಡಲು ಹೋಗುವರು. ಶಕವರ್ಷ ೫೫೬, ಎಂದರೆ ಕ್ರಿ.ಶ. ೬೩೪ರ ಈ ಶಾಸನದಲ್ಲಿ ಇಮ್ಮಡಿ ಪುಲಿಕೇಶಿಯ ದಿಗ್ವಿಜಯವಿದೆ, ಕಾಳಿದಾಸ ಭಾರವಿಗಳ ಹೆಸರಿದೆ. ಅದನ್ನು ನೋಡಿ ಧನ್ಯರಾದ ಯಾತ್ರಿಕರಲ್ಲಿ ಹೆಚ್ಚಿನವರು ಅಲ್ಲಿಂದಲೇ ಹಿಂದಿರುಗುವರು. ಗುಡಿಯ ಹಿಂದಕ್ಕೆ ಕೆಲವು ಹೆಜ್ಜೆ ನಡೆದರೆ ಅದೇ ಗುಡ್ಡದ ಬೆನ್ನಿನ ಮೇಲೆ ಮರಳುಗಲ್ಲಿನ ಗೋರಿಗಳು ಹರಡಿವೆ. ಪುಲಿಕೇಶಿಯು ಹುಟ್ಟುವ ಹೊತ್ತಿಗೇ ಅವು ಬಹಳ ಹಳೆಯವಾಗಿದ್ದವು. ರವಿಕೀರ್ತಿಯೂ ಅವುಗಳನ್ನು ನೋಡಿಯೇ ಇರಬೇಕು.

ಶಾಸನಕ್ಕೂ ಗೋರಿಗೂ ಇರುವ ಒಂದು ಭೇದವನ್ನು ಆ ಗುಡ್ಡದ ಮೇಲೆ ನಿಂತು ಯೋಚಿಸುವದು ಅಗತ್ಯ. ಶಾಸನದ ಪಡಿಯಚ್ಚನ್ನು ತೆಗೆದರೆ, ಶಿಲೆಯೊಡೆದರೂ ಮಾತು ಉಳಿಯುವದು. ಮಡಕೆಯನ್ನು ವಸ್ತುಸಂಗ್ರಹಾಲಯಕ್ಕೆ ಒಯ್ದರೂ ಅದು ಮಡಕೆಯೇ. ಗೋರಿಗೆ ಅಕ್ಷರವಿಲ್ಲ. ಅದು ನಿಂತ ಎಡೆ, ಕಂಡಿಯು ನೋಡುವ ದಿಕ್ಕು, ನೆರೆಯ ಗೋರಿಗೂ ಅದಕ್ಕೂ ನಡುವಿನ ಅಂತರ, ಕಲ್ಲು ಬಂದ ಬಂಡೆ, ನೀರಿಗೆ ಇಳಿಯುವ ದಾರಿ, ಇವೇ ಅದರ ಬರಹ. ಒಂದು ಹಲಗೆಯನ್ನು ನಾಲ್ಕು ಮಾರು ಸರಿಸಿದರೂ ಸಾಲೊಂದು ಅಳಿಸಿಹೋಯಿತು. ಆಮೇಲೆ ಅದನ್ನು ತಂದು ನಿಲ್ಲಿಸಿದರೆ ಕಲ್ಲು ನಿಂತೀತು, ಓದು ನಿಲ್ಲದು.

ಹೀಗಿರುವಾಗ ಹಲಗೆಗಳು ಸರಿಯುತ್ತಲೇ ಇವೆ. ಕೆಲವೆಡೆ ಒಡ್ಡಿಗೆ ಕಲ್ಲು ಬೇಕಾಯಿತು, ಕೆಲವೆಡೆ ಹೊಲವನ್ನು ಹಸನು ಮಾಡಬೇಕಾಯಿತು, ಕೆಲವೆಡೆ ಕಲ್ಲುಗಣಿಯು ಗುಡ್ಡವನ್ನೇ ನುಂಗಿತು. ಇವುಗಳಲ್ಲಿ ಒಕ್ಕಲಿಗನ ಅಡಚಣೆಯನ್ನಾದರೂ ಅರ್ಥ ಮಾಡಿಕೊಳ್ಳಬಹುದು. ಕ್ಷಮಿಸಲಾರದ್ದು ನಿಧಿಯ ಆಸೆ. ಕಲ್ಮನೆಯಡಿಗೆ ಹೊನ್ನಿನ ಕೊಪ್ಪರಿಗೆಯಿದೆಯೆಂದು ಅಮವಾಸ್ಯೆಯ ರಾತ್ರಿ ಗುದ್ದಲಿ ಹೊತ್ತು ಹೋಗುವವರಿಗೆ ಸಿಕ್ಕುವದು ಒಡೆದ ಮಡಕೆ, ತುಕ್ಕು ತಿಂದ ಕಬ್ಬಿಣ, ಯಾರದೋ ಹಿರಿಯರ ಎಲುಬು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿಯು ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂದು ೧೮೭೮ರಲ್ಲಿಯೇ ಕಾಯಿದೆಯಾಯಿತು. ಏನೂ ಸಿಕ್ಕದೆ ಒಂದು ಗೋರಿಯನ್ನು ಕೆಡವಿ ಬಂದವನು ಆ ಕಾಯಿದೆಯ ಬಲೆಗೆ ಬೀಳುವದಿಲ್ಲ. ಹಿರೇಬೆಣಕಲ್ಲಿನ ಗೋರಿಗಳಿಗೆ ಸರಕಾರದ ರಕ್ಷಣೆಯುಂಟು, ೨೦೨೧ರಲ್ಲಿ ಅವು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಸಂಭಾವ್ಯ ಯಾದಿಯನ್ನೂ ಸೇರಿದವು. ಹೆಸರಿಲ್ಲದ ಹಳ್ಳಿಗಳ ಹೊಲದ ಅಂಚಿಗೆ ಎರಡೋ ಮೂರೋ ನಿಂತಿರುವವಕ್ಕೆ ಇರುವ ರಕ್ಷಣೆಯೆಂದರೆ ಆ ಹೊಲದವನ ಮನಸ್ಸೊಂದೇ. ಮೋರೇರ ಹೆದರಿಕೆಯು ಮೊದಲು ಆ ಮನಸ್ಸನ್ನು ಕಾಯುತ್ತಿತ್ತು. ಶಾಲೆ ಕಲಿತ ಮಕ್ಕಳು ಮೋರೇರಿಲ್ಲವೆಂದು ತಿಳಿದರು. ಅವರ ಬದಲಾಗಿ ಅಲ್ಲಿದ್ದವರು ಯಾರೆಂದು ಅವರಿಗೆ ಯಾರೂ ಹೇಳಲಿಲ್ಲ.

ಬೆಣಕಲ್ಲಿನ ಗುಡ್ಡವನ್ನು ನೋಡಹೋಗುವ ಕುಟುಂಬಗಳು ಮಾಗಿಯ ದಿನಗಳನ್ನು ಆರಿಸಿಕೊಂಡು, ಬಿಸಿಲೇರುವ ಮುನ್ನವೇ ಹತ್ತಲಾರಂಭಿಸುವದು ಒಳ್ಳೆಯದು. ಮೇಲೆ ಅಂಗಡಿಯಿಲ್ಲ, ರೊಟ್ಟಿಯ ಗಂಟೂ ನೀರೂ ಜೊತೆಗಿರಲಿ. ದಾರಿ ಬಲ್ಲ ಊರಿನವರೊಬ್ಬರನ್ನು ಕರೆದುಕೊಂಡರೆ ಗುಂಡುಗಳ ಸಂದಿನಲ್ಲಿ ತಪ್ಪಿಸಿಕೊಳ್ಳುವ ಭಯವಿಲ್ಲ. ಮಕ್ಕಳು ಕಂಡಿಯೊಳಗೆ ತಲೆ ಹಾಕಿ ನೋಡಲೆಂದು ಹಟ ಹಿಡಿಯುವರು, ಹಿಡಿಯಲಿ. ಹಲಗೆಗಳ ಮೇಲೆ ಹತ್ತದಂತೆ ಮಾತ್ರ ಹಿರಿಯರು ನೋಡಿಕೊಳ್ಳಬೇಕು. ಅವುಗಳಲ್ಲಿ ಹಲವು ಈಗ ಒಂದೇ ಮೂಲೆಯ ಆಸರೆಯ ಮೇಲೆ ನಿಂತಿವೆ.